ಜರ್ಮನಿಯಿಂದ ವಾಪಸ್ ಬಂದ ಮೇಲೆ ಆರೋಗ್ಯ ವಿಮೆಯವರು 9,000 ಯೂರೋ ಬಾಕಿ ಅಂತಿದ್ದಾರೆ. ಕಟ್ಟಬೇಕಾ, ಸುಮ್ಮನಿರಬಹುದಾ?

ಕಟ್ಟಬೇಡಿ. ಸುಮ್ಮನೂ ಇರಬೇಡಿ.

ನೀವು ಬರೆದಿರೋ ಪ್ರಕಾರ ಎಂಎಸ್ ಮುಗಿಸಿ ಮೈಸೂರಿಗೆ ಬಂದು ಎಂಟು ತಿಂಗಳಾಗಿದೆ, ಹೊರಡುವಾಗ ವಿಮೆಯವರಿಗೆ ತಿಳಿಸಿರಲಿಲ್ಲ, ಈಗ ಪತ್ರ ನೋಡಿ ಅಪ್ಪ ಎಫ್‌ಡಿ ಮುರಿಸೋಣ ಅಂತಿದ್ದಾರೆ. ಮೊದಲು ಅವರನ್ನು ಸಮಾಧಾನ ಮಾಡಿ. ಸರ್ಕಾರಿ ಮೊಹರಿನ ಥರದ್ದೊಂದು ಕಾಗದ ಕಂಡರೆ ಮರ್ಯಾದೆಗೆ ಅಂಜಿ ದುಡ್ಡು ಕಟ್ಟಿಬಿಡೋದು ನಮ್ಮ ಕಡೆಯ ಹಿರಿಯರ ಸ್ವಭಾವ. ಈ ಕಾಗದದಲ್ಲಿರೋ ಮೊತ್ತ ನೀವು ಮಾಡಿದ ಸಾಲವಲ್ಲ, ನಿಮ್ಮಿಂದ ಉತ್ತರ ಬರದಿದ್ದಕ್ಕೆ ಅವರು ಹಾಕಿಕೊಂಡ ಅಂದಾಜು.

ಅಂದಾಜು ಹುಟ್ಟೋದು ಹೀಗೆ. ಓದುವಾಗ ನೀವು ತಿಂಗಳಿಗೆ ಸುಮಾರು 140–150 ಯೂರೋ ಕಟ್ಟುತ್ತಿದ್ದಿರಿ, ಅದು ವಿದ್ಯಾರ್ಥಿ ದರ. ಕೋರ್ಸ್ ಮುಗಿದು ಯೂನಿವರ್ಸಿಟಿ ನಿಮ್ಮ ಹೆಸರು ತೆಗೆದರೆ, ಆ ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿ ವಿಮೆ ನಿಲ್ಲುತ್ತದೆ. ಸದಸ್ಯತ್ವ ಮಾತ್ರ ನಿಲ್ಲುವುದಿಲ್ಲ. ಜರ್ಮನಿಯಲ್ಲಿ ವಾಸವಿರುವ ಯಾರೂ ವಿಮೆಯಿಲ್ಲದೆ ಇರಬಾರದು ಅನ್ನೋದು ಅಲ್ಲಿನ ಕಾನೂನು, ಹಾಗಾಗಿ ಅದು ತಾನಾಗಿಯೇ 'ಸ್ವಯಂಪ್ರೇರಿತ' ಸದಸ್ಯತ್ವವಾಗಿ (ಹೆಸರಿಗಷ್ಟೇ ಸ್ವಯಂಪ್ರೇರಿತ) ಮುಂದುವರಿಯುತ್ತದೆ. ಆಮೇಲೆ 'ನಿಮ್ಮ ಆದಾಯ ಎಷ್ಟು' ಅಂತ ಕೇಳಿ ಪತ್ರ ಹಾಕುತ್ತಾರೆ. ಅದು ಹೋಗೋದು ನಿಮ್ಮ ಹಳೇ ರೂಮಿಗೆ. ನೀವು ಅಷ್ಟರಲ್ಲಿ ಕುವೆಂಪುನಗರದಲ್ಲಿ. ಉತ್ತರ ಬರದಿದ್ದರೆ ಕಾನೂನಿನ ಗರಿಷ್ಠ ಆದಾಯ ನಿಮಗಿದೆ ಅಂತ ಇಟ್ಟುಕೊಳ್ಳುತ್ತಾರೆ. 2025ರಲ್ಲಿ ಆ ಮಿತಿ ತಿಂಗಳಿಗೆ 5,512.50 ಯೂರೋ. ಅದರ ಮೇಲಿನ ಕಂತು, ದೀರ್ಘಕಾಲೀನ ಆರೈಕೆ ವಿಮೆಯೂ ಸೇರಿ, 1,100 ಯೂರೋ ದಾಟುತ್ತದೆ. ಎಂಟು ತಿಂಗಳಿಗೆ ಗುಣಿಸಿ, ನಿಮ್ಮ ಒಂಬತ್ತು ಸಾವಿರ ಸಿಕ್ಕಿತು. ಬೀಗ ಹಾಕಿದ ಮನೆಗೆ ಕರೆಂಟ್ ಕಂಪನಿ ಸೆಸ್ಕ್‌ನವರು ಮೀಟರ್ ಓದದೆ ಸರಾಸರಿ ಬಿಲ್ ಹಾಕಿ ಹೋಗ್ತಾರಲ್ಲ, ಆ ಜಾತಿಯದ್ದೇ, ಆದರೆ ಇಲ್ಲಿ ಸರಾಸರಿ ಅಲ್ಲ, ನೆತ್ತಿಯ ಲೆಕ್ಕ.

ನನಗೆ ಇದು ಗೊತ್ತಾಗಿದ್ದು ಬೇರೆ ಬಾಗಿಲಿನಿಂದ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲವು ವರ್ಷ ಕೆಲಸ ಮಾಡಿ ತಡವಾಗಿ ಓದೋಕೆ ಹೋದವನು ನಾನು. ವಿದ್ಯಾರ್ಥಿ ದರ ಸಿಗೋದು ಮೂವತ್ತು ತುಂಬುವ ಸೆಮಿಸ್ಟರ್ ಮುಗಿಯೋವರೆಗೆ ಮಾತ್ರ. ಅದು ಮುಗಿದ ಮುಂದಿನ ತಿಂಗಳೇ ಗರಿಷ್ಠ ದರದ ನೋಟಿಸ್ ಬಂತು. ಆದಾಯದ ಫಾರ್ಮ್, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದೆ, ಕನಿಷ್ಠ ದರಕ್ಕೆ ಇಳಿಸಿದರು. ಬೈಗುಳ ಇಲ್ಲ, ಜಗಳ ಇಲ್ಲ. ಅವರಿಗೆ ಬೇಕಾಗಿದ್ದು ಕಾಗದ, ಅಷ್ಟೇ.

ನಿಮ್ಮ ವಿಷಯದಲ್ಲಿ ಇನ್ನೂ ಗಟ್ಟಿಯಾದ ಹಿಡಿತ ಇದೆ. ಈ ಸದಸ್ಯತ್ವ ನಿಂತಿರೋದೇ ನೀವು ಅಲ್ಲಿ ವಾಸವಿದ್ದೀರಿ ಅನ್ನೋದರ ಮೇಲೆ. ಗಂಟುಮೂಟೆ ಕಟ್ಟಿ ಬಂದ ದಿನದಿಂದ ಆಚೆಗೆ ಅವರು ಕೇಳೋಕೆ ಆಗಲ್ಲ. ಅದಕ್ಕೆ ಪುರಾವೆ ಬೇಕು. ಎಲ್ಲಕ್ಕಿಂತ ಬಲವಾದದ್ದು ಅಬ್‌ಮೆಲ್ಡುಂಗ್, ಅಂದರೆ ಊರು ಬಿಟ್ಟಿದ್ದನ್ನು ಅಲ್ಲಿನ ನಗರ ಕಚೇರಿಯಲ್ಲಿ ದಾಖಲಿಸಿದ ಪತ್ರ. ಹೊರಟ ಎರಡು ವಾರದೊಳಗೆ ಅದನ್ನು ಮಾಡಿಸಬೇಕು ಅಂತಿದೆ. ಮಾಡಿಸಿಲ್ಲದಿದ್ದರೆ ಈಗಲಾದರೂ ಫಾರ್ಮ್ ತುಂಬಿ, ಹೊರಟ ತಾರೀಖು ಸ್ಪಷ್ಟವಾಗಿ ಬರೆದು, ಆ ಕಚೇರಿಗೆ ಕಳಿಸಿ. ಜೊತೆಗೆ ಬೆಂಗಳೂರು ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟಿಗೆ ಬಿದ್ದ ಸೀಲು, ಬೋರ್ಡಿಂಗ್ ಪಾಸ್, ಇಲ್ಲಿ ಕೆಲಸಕ್ಕೆ ಸೇರಿದ್ದರೆ ನೇಮಕಾತಿ ಪತ್ರ, ಇವನ್ನೆಲ್ಲ ಒಂದೇ ಲಕೋಟೆಗೆ ಹಾಕಿ.

ಒಂದು ಕಹಿ ತುತ್ತು ಉಳಿಯುತ್ತೆ. ಸೆಮಿಸ್ಟರ್ ಸೆಪ್ಟೆಂಬರ್‌ಗೆ ಮುಗಿದು ನೀವು ನವೆಂಬರ್‌ನಲ್ಲಿ ವಿಮಾನ ಹತ್ತಿದ್ದರೆ, ನಡುವಿನ ದಿನಗಳ ಕಂತು ನೀವು ಕೊಡಲೇಬೇಕು. ಆದಾಯ ಇರಲಿಲ್ಲ ಅಂತ ತೋರಿಸಿದರೆ 2025ರ ಲೆಕ್ಕದಲ್ಲಿ ಅದು ತಿಂಗಳಿಗೆ ಸುಮಾರು 260 ಯೂರೋ ಆಗುತ್ತೆ. ಗರಿಷ್ಠ ದರ ಹಾಕಿದ ನೋಟಿಸ್ ಬಂದ ಮೇಲೆ ಹನ್ನೆರಡು ತಿಂಗಳೊಳಗೆ ಆದಾಯದ ದಾಖಲೆ ಕೊಟ್ಟರೆ ಅವರು ಮರುಲೆಕ್ಕ ಹಾಕಲೇಬೇಕು. ನಡುವಿನ ದಿನಗಳ ಈ ಕಂತನ್ನು ಮಾತ್ರ ನ್ಯಾಯವಾಗಿ ಕಟ್ಟಿಬಿಡಿ. ಒಂಬತ್ತು ಲಕ್ಷ ರೂಪಾಯಿ ಎಲ್ಲಿ, ಇದೆಲ್ಲಿ.

ಈಗ ಪತ್ರದ ಕೊನೇ ಪುಟ ತಿರುಗಿಸಿ. ಆಕ್ಷೇಪಣೆ ಸಲ್ಲಿಸೋದು ಹೇಗೆ ಅಂತ ಒಂದು ಪ್ಯಾರಾ ಇರುತ್ತೆ. ಗಡುವು ಮಾಮೂಲಿಯಾಗಿ ಒಂದು ತಿಂಗಳು. ಆದರೆ ನೋಟಿಸ್ ನಿಮಗೆ ವಿದೇಶದಲ್ಲಿ ತಲುಪಿದ್ದರೆ ಕಾನೂನು ಮೂರು ತಿಂಗಳು ಕೊಡುತ್ತದೆ. ಮೈಸೂರಿನ ವಿಳಾಸಕ್ಕೆ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆ ಕೆಲಸಕ್ಕೆ ಬರುತ್ತೆ. ಬರೀ ಇಮೇಲ್ ಹಾಕಿದರೆ ಆಕ್ಷೇಪಣೆ ಅಂತ ಲೆಕ್ಕವಿಲ್ಲ. ಕೈಯಲ್ಲಿ ಸಹಿ ಮಾಡಿ, ಅಶೋಕ ರಸ್ತೆಯ ಹೆಡ್ ಪೋಸ್ಟ್ ಆಫೀಸಿನಲ್ಲಿ ಇಂಟರ್‌ನ್ಯಾಷನಲ್ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಅದರ ಸ್ಕ್ಯಾನ್ ಪ್ರತಿಯನ್ನು ಅವರ ಆ್ಯಪ್‌ನಲ್ಲೂ ಹಾಕಿ. ಆಡಳಿತ ಭಾಷೆ ಜರ್ಮನ್, ಹಾಗಾಗಿ ನಾಲ್ಕು ಸಾಲಾದರೂ ಜರ್ಮನ್‌ನಲ್ಲೇ ಇರಲಿ: ಇಂಥ ತಾರೀಖಿನ ನೋಟಿಸ್‌ಗೆ ವೀಡರ್‌ಶ್ಪ್ರುಖ್ (ಆಕ್ಷೇಪಣೆ) ಸಲ್ಲಿಸುತ್ತಿದ್ದೇನೆ, ಇಂಥ ದಿನ ದೇಶ ಬಿಟ್ಟೆ, ದಾಖಲೆ ಲಗತ್ತಿಸಿದೆ, ಆ ದಿನಕ್ಕೆ ಸದಸ್ಯತ್ವ ಕೊನೆಗೊಳಿಸಿ. ನಿಮ್ಮ ಕಷ್ಟದ ಕಥೆ ಬರೆಯೋದು ಬೇಡ. ಗಡುವು ಮೀರಿದ್ದರೂ ಮರುಪರಿಶೀಲನೆಗೆ ಅರ್ಜಿ ಹಾಕೋ ದಾರಿ ಇದೆ, ಆದರೆ ಅದು ನಿಧಾನ.

'ಮೈಸೂರಿಗೆ ಬಂದು ವಸೂಲಿ ಮಾಡ್ತಾರಾ' ಅಂತ ಕೇಳಿದ್ದೀರಿ. ಮನೆ ಬಾಗಿಲಿಗೆ ಬರೋದು ದೂರದ ಮಾತು. ಆದರೆ ಬಾಕಿಗೆ ತಿಂಗಳಿಗೆ ಶೇ. 1ರಂತೆ ದಂಡ ಬೆಳೆಯುತ್ತಾ ಹೋಗುತ್ತೆ. ವಸೂಲಿ ಕೆಲಸ ಅಲ್ಲಿನ ಕಸ್ಟಮ್ಸ್ ಕಚೇರಿಗೆ ಹೋಗಬಹುದು (ಹೌದು, ಕಸ್ಟಮ್ಸ್‌ನವರೇ), ಅವರು ಅಲ್ಲಿ ಉಳಿದಿರೋ ನಿಮ್ಮ ಬ್ಯಾಂಕ್ ಖಾತೆಗೆ ಕೈ ಹಾಕಬಹುದು. ನಾಳೆ ಕೆಲಸ ಸಿಕ್ಕಿ ಮತ್ತೆ ಹೋದರೆ ಆರೋಗ್ಯ ವಿಮೆಯ ನಂಬರ್ ಜೀವನಪೂರ್ತಿ ಅದೇ, ಹಳೇ ಬಾಕಿ ಅಲ್ಲೇ ಕಾದು ಕೂತಿರುತ್ತೆ. ನಮ್ಮೂರಿನ ಕನ್ಸಲ್ಟೆನ್ಸಿಯವರು ಹೋಗೋದಕ್ಕೆ ಬ್ಲಾಕ್ಡ್ ಅಕೌಂಟ್‌ನಿಂದ (ವೀಸಾಕ್ಕಾಗಿ ಖರ್ಚಿನ ದುಡ್ಡು ಇಟ್ಟು ತೋರಿಸೋ ಖಾತೆ) ಹಿಡಿದು ಉಪ್ಪಿನಕಾಯಿ ಪ್ಯಾಕಿಂಗ್‌ವರೆಗೆ ಪಾಠ ಮಾಡ್ತಾರೆ. ವಾಪಸ್ ಬರೋದರ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ.

ಇಷ್ಟೂ ಹೇಳಿದ್ದು ಸಾರ್ವಜನಿಕ ವಿಮೆಗೆ. ನಿಮ್ಮದು ಖಾಸಗಿ ಪಾಲಿಸಿಯಾಗಿದ್ದರೆ ಅದು ಒಪ್ಪಂದದ ವ್ಯವಹಾರ, ಷರತ್ತುಗಳನ್ನೇ ಓದಬೇಕು. ನೋಟಿಸ್ ಮೇಲಿನ ತಾರೀಖು, ನಿಮ್ಮ ಸೆಮಿಸ್ಟರ್ ಮುಗಿದ ತಿಂಗಳು, ಅಬ್‌ಮೆಲ್ಡುಂಗ್ ಆಗಿದೆಯಾ ಇಲ್ಲವಾ, ಈ ಮೂರನ್ನು ಇಲ್ಲೇ ಕೆಳಗೆ ಬರೆದರೆ ಜರ್ಮನ್‌ನ ಆ ನಾಲ್ಕು ಸಾಲು ಬರೆದುಕೊಡ್ತೀನಿ. ವಿಮಾ ನಂಬರ್ ಮಾತ್ರ ಹಾಕಬೇಡಿ.