ಗಂಧದ ಎಲೆ ಸಣ್ಣಗಾಗುತ್ತಿದೆಯಾ?

ಪ್ರಶ್ನೆ: ನಮ್ಮ ತೋಟದ ಬೇಲಿಯಲ್ಲಿ ತಾನಾಗೇ ಹುಟ್ಟಿದ ಗಂಧದ ಮರಗಳಿವೆ. ಒಂದರಲ್ಲಿ ಈ ವರ್ಷದ ಚಿಗುರೆಲ್ಲ ಚಿಕ್ಕದು, ಬಿರುಸು. ಹೂವೂ ಇಲ್ಲ. ಗೊಬ್ಬರ ಹಾಕಿದರೂ ಸರಿಹೋಗಲಿಲ್ಲ. ಔಷಧಿ ಇದೆಯಾ? ಅದೇ ಜಾಗದಲ್ಲಿ ಹೊಸ ಸಸಿ ನೆಡಬಹುದಾ?
– ಓದುಗರೊಬ್ಬರು, ಹುಣಸೂರು ತಾಲ್ಲೂಕು

ಉತ್ತರ: ಸ್ಪೈಕ್ ರೋಗ ಇರಬಹುದು. ಹಾಗಂತ ಈಗಲೇ ಕೊಡಲಿ ಎತ್ತಬೇಡಿ. ಒಂದು ರೆಂಬೆ ಹಿಡಿದು ನೋಡಿ. ಬುಡದ ಕಡೆಯ ಹಳೆ ಎಲೆ ಮಾಮೂಲಿ ಅಳತೆಯಲ್ಲಿದ್ದು, ತುದಿಗೆ ಹೋದಂತೆ ಎಲೆ ಕಿರಿದಾಗಿ, ಗೆಣ್ಣುಗಳು ಒತ್ತೊತ್ತಾಗಿ, ಎಲೆಗಳು ಸೆಟೆದು ನಿಂತಿದ್ದರೆ ಅನುಮಾನ ಗಟ್ಟಿ. ಎಲೆ ಬರೀ ಹಳದಿಯಾಗಿ ಉದುರುತ್ತಿದ್ದರೆ ಕಾರಣ ಬೇರೆ ಇರಬಹುದು. ಪಕ್ಕದ ಆಸರೆ ಮರ, ಅಂದರೆ ಗಂಧದ ಬೇರು ಕಚ್ಚಿಕೊಂಡಿರುವ ಮರ, ಏನಾದರೂ ಕಡಿಸಿದ್ದೀರಾ?

ಈ ಕಾಯಿಲೆ ಹಳೆಯದು. 1899ರಲ್ಲಿ ಕೊಡಗಿನಲ್ಲಿ ಮೊದಲು ಕಂಡಿತು. 1903ರಿಂದ 1916ರೊಳಗೆ ಕೊಡಗು, ಮೈಸೂರು ಸೀಮೆಯಲ್ಲಿ 10 ಲಕ್ಷಕ್ಕೂ ಜಾಸ್ತಿ ಮರ ತೆಗೆಸಬೇಕಾಯಿತು. ಮದ್ದು ಕಂಡುಹಿಡಿದವರಿಗೆ 1907ರಲ್ಲಿ ಮೈಸೂರು ಮಹಾರಾಜರು 10,000 ರೂಪಾಯಿ ಬಹುಮಾನ ಘೋಷಿಸಿದರು. ಆ ಮದ್ದು ಇವತ್ತಿಗೂ ಸಿಕ್ಕಿಲ್ಲ.

ರೋಗಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳುಗಳು ಅದನ್ನು ಹರಡುತ್ತವೆ. ಎಲೆಯಲ್ಲಿ ತಯಾರಾದ ಆಹಾರ ಅಲ್ಲೇ ಪಿಷ್ಟವಾಗಿ ಉಳಿದುಬಿಡುತ್ತದೆ, ಬೇರಿಗೆ ಇಳಿಯುವುದಿಲ್ಲ. ಗಂಧ ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿಸಿ ಬದುಕುವ ಮರ ಅಲ್ವಾ? ಆಹಾರ ಸಿಗದೆ ಹಾಗೆ ಕಚ್ಚುವ ಬೇರೇ ಸತ್ತ ಮೇಲೆ ಗೊಬ್ಬರ ಸುರಿದು ಏನು ಬಂತು? ಎರಡು ಮೂರು ವರ್ಷದಲ್ಲಿ ಮರ ಒಣಗುತ್ತದೆ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಚುಚ್ಚಿದರೆ ಕೆಲಕಾಲ ಚೆನ್ನಾಗಿ ಚಿಗುರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಸುಮ್ನೆ ದುಡ್ಡು ಹಾಳು ಮಾಡಬೇಡಿ.

ಸ್ಪೈಕ್ ಅಂತ ಖಚಿತವಾದರೆ, ಉಳಿದ ಮರಗಳು ಬೇಕಿದ್ದರೆ ಇದನ್ನು ತೆಗೆಸಲೇಬೇಕು. ಮರ ನಿಮ್ಮದೇ ಆದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬೇರಿನಿಂದ ಮರಿ ಚಿಗುರು ಬಂದರೆ ಅದನ್ನೂ ಕಿತ್ತುಹಾಕಿ. ಹೊಸ ಸಸಿ ಅದೇ ಗುಂಡಿಯಲ್ಲಿ ಬೇಡ, ಸ್ವಲ್ಪ ದೂರ ನೆಡಿ. ಆಸರೆಗೆ ಹತ್ತಿರ ಹೊಂಗೆಯೋ ಸರ್ವೆಯೋ ಇರಲಿ.

ಗಂಧ ನಮ್ಮ ಹೊಲಗಳಿಗೆ ವಾಪಸ್ ಬರುತ್ತಿರುವುದು ನಿಜ. ಜಮೀನಿನ ಗಂಧದ ಮರ ಮಾಲೀಕನದೇ ಎಂದ 2001ರ ಕಾನೂನು ತಿದ್ದುಪಡಿಯ ನಂತರ ರೈತರು ಧೈರ್ಯವಾಗಿ ಬೆಳೆಯುತ್ತಿದ್ದಾರೆ. ನನ್ನ ಭಯ ಇರುವುದು ಸಸಿಗಳ ಬಗ್ಗೆ. ರೋಗ ಪರೀಕ್ಷೆ ಮಾಡದ ಸಸಿ ಲಾರಿಗಟ್ಟಲೆ ಊರಿಂದೂರಿಗೆ ಹೋದರೆ ಕಾಯಿಲೆಯೂ ಜೊತೆಗೇ ಹೋಗುತ್ತದೆ. ನರ್ಸರಿಯವರನ್ನು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ, ರೋಗ ಕಾಣದ ಕಡೆ ಚೆನ್ನಾಗಿ ಕಾಯಿ ಬಿಡುವ ಮರದ ಹಣ್ಣು ಆಯ್ದು ನೀವೇ ಸಸಿ ಮಾಡಿ. ಪ್ರತಿ ಪಾಕೆಟ್ಟಿಗೂ ಒಂದೆರಡು ತೊಗರಿ ಕಾಳು ಊರಿ, ಎಳೆ ಸಸಿಗೆ ಅದೇ ಆಸರೆ.