ಗೇಟ್ ಮತ್ತೆ ಬರೆಯಲೇ, ಕೆಲಸಕ್ಕೆ ಸೇರಲೇ?

ಪ್ರಶ್ನೆ: ಶಿವಮೊಗ್ಗದಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿ.ಇ. ಮುಗಿಸಿದ್ದೇನೆ. ಅಂತಿಮ ವರ್ಷದಲ್ಲಿದ್ದಾಗಲೇ ಎಂ.ಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದೆ. ನೂರಕ್ಕೆ 34 ಅಂಕ ಬಂತು, ಆ ಅಂಕವನ್ನು ಪರಿವರ್ತಿಸಿ ಕೊಡುವ ಸ್ಕೋರ್ 420ರ ಆಸುಪಾಸು. ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ವಿಷಯದಲ್ಲಿ ಎಂ.ಟೆಕ್ ಮಾಡುವ ಆಸೆಯಿದೆ, ಆದರೆ ಈ ಸ್ಕೋರಿಗೆ ಬಯಸಿದ ಸೀಟು ಸಿಗಲಿಲ್ಲ. ಬೆಂಗಳೂರಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ, ಜುಲೈನಲ್ಲಿ ಸೇರಬೇಕು. ಕೆಲಸ ಬಿಡಬೇಡ ಎಂದು ಅಣ್ಣ ಹೇಳುತ್ತಾನೆ. ಒಂದು ವರ್ಷ ಮನೆಯಲ್ಲೇ ಕುಳಿತು ಓದು, ಖರ್ಚಿಗೆ ತೋಟ ಇದೆ ಎನ್ನುತ್ತಾರೆ ಅಪ್ಪ. ರೆಸ್ಪಾನ್ಸ್ ಶೀಟ್ (ನಾನು ಗುರುತಿಸಿದ ಉತ್ತರಗಳ ಪ್ರತಿ) ತಾಳೆ ಹಾಕಿದಾಗ ಆಪ್ಟಿಟ್ಯೂಡ್‌ನಲ್ಲಿ 7, ಗಣಿತದಲ್ಲಿ 3 ಅಂಕ ಬಂದಿದೆ. ತಪ್ಪು ಉತ್ತರಗಳಿಂದ ಕಳೆದುಕೊಂಡಿದ್ದು 5 ಅಂಕ. ಮತ್ತೆ ಬರೆಯುವುದರಲ್ಲಿ ಅರ್ಥವಿದೆಯೇ?
— ಓದುಗಿ, ಹೊಸನಗರ ತಾಲ್ಲೂಕು

ಉತ್ತರ: ಖಂಡಿತ ಬರೆಯಿರಿ. ಅದಕ್ಕಾಗಿ ಕೆಲಸ ಮಾತ್ರ ಬಿಡಬೇಡಿ.

ನಿಮ್ಮ ಮನೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಾಗಿಬಿಟ್ಟಿವೆ. ಪರೀಕ್ಷೆ ಮತ್ತೆ ಬರೆಯುವುದು ಒಂದು, ಒಂದು ವರ್ಷ ಖಾಲಿ ಇಟ್ಟುಕೊಂಡು ಓದುವುದು ಇನ್ನೊಂದು. ಮೊದಲನೆಯದರಲ್ಲಿ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಗೇಟ್ ಸ್ಕೋರ್ ಫಲಿತಾಂಶ ಬಂದ ದಿನದಿಂದ 3 ವರ್ಷ ಊರ್ಜಿತ. ಮುಂದಿನ ಫೆಬ್ರುವರಿಯಲ್ಲಿ ಇದಕ್ಕಿಂತ ಕಡಿಮೆ ಬಂದರೂ ಈ 420 ನಿಮ್ಮ ಕೈಯಲ್ಲೇ ಇರುತ್ತದೆ. ಅರ್ಜಿ ಶುಲ್ಕ ಮಹಿಳೆಯರಿಗೆ ಅರ್ಧ. ದುಬಾರಿಯಾಗುವುದು ಎರಡನೆಯದು, ಅಂದರೆ ಆ ಒಂದು ವರ್ಷ. ಅದನ್ನು ಕೊಡಬೇಕೇ ಎಂಬುದಕ್ಕೆ ಉತ್ತರ ನಿಮ್ಮ ರೆಸ್ಪಾನ್ಸ್ ಶೀಟಿನಲ್ಲೇ ಇದೆ. ಸೀಟಿನ ಚಿಂತೆಯಲ್ಲಿರುವ ಎಷ್ಟೋ ಮಂದಿ ಅದನ್ನು ಬಿಡಿಸಿಯೂ ನೋಡಿರುವುದಿಲ್ಲ, ನೀವು ನೋಡಿದ್ದೀರಿ. ಅರ್ಧ ಕೆಲಸ ಆಗಿದೆ.

ನಿಮ್ಮ ಪತ್ರಿಕೆಯ 100 ಅಂಕಗಳಲ್ಲಿ ಆಪ್ಟಿಟ್ಯೂಡ್ 15, ಎಂಜಿನಿಯರಿಂಗ್ ಗಣಿತ ಸುಮಾರು 13. ಎರಡೂ ಸೇರಿ 28. ಅದರಲ್ಲಿ ನಿಮಗೆ ದಕ್ಕಿದ್ದು 10. ಉಳಿದ 72ರಲ್ಲಿ, ಅಂದರೆ ನಾಲ್ಕು ವರ್ಷ ಓದಿದ ಅಸಲು ವಿಷಯಗಳಲ್ಲಿ, 24 ತೆಗೆದಿದ್ದೀರಿ. ಕಾಲೇಜಿನ ಪ್ರಾಜೆಕ್ಟು, ಇಂಟರ್ನಲ್ಸ್ ನಡುವೆ ಬರೆದವರಿಗೆ ಇದು ತೀರಾ ಕಳಪೆಯೇನಲ್ಲ. ಸುಲಭವಾಗಿ ಗಳಿಸಬಹುದಾದ ಅಂಕ ನಿಮ್ಮ ಕೈತಪ್ಪಿರುವುದು ರೇಖೀಯ ಬೀಜಗಣಿತ, ಸಂಭವನೀಯತೆ, ಶೇಕಡಾವಾರು ಲೆಕ್ಕ, ಇಂಗ್ಲಿಷ್ ವಾಕ್ಯ ಜೋಡಣೆಯಂಥ ಕಡೆ. ಇವಕ್ಕೆ ಒಂದು ವರ್ಷದ ಏಕಾಂತವಾಸ ಬೇಕಿಲ್ಲ. ದಿನಕ್ಕೆ ಎರಡು ಗಂಟೆಯಂತೆ ನಾಲ್ಕೈದು ತಿಂಗಳು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ 28ರಲ್ಲಿ 20 ನಿಮ್ಮ ಅಳವಿಗೆ ಮೀರಿದ್ದಲ್ಲ.

ಇನ್ನು ಆ 5 ಅಂಕ. ಆಯ್ಕೆ ಪ್ರಶ್ನೆಗಳಲ್ಲಿ ಒಂದು ಅಂಕದ್ದು ತಪ್ಪಿದರೆ ಮೂರನೇ ಒಂದು, ಎರಡು ಅಂಕದ್ದು ತಪ್ಪಿದರೆ ಮೂರನೇ ಎರಡು ಅಂಕ ಹೋಗುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ‘ಏನಾದರಾಗಲಿ’ ಎಂದು ಒತ್ತಿದ ಉತ್ತರಗಳು ಎಷ್ಟು, ಗೊತ್ತಿದ್ದೂ ಚಿಹ್ನೆ ತಪ್ಪಿದವು ಎಷ್ಟು ಎಂದು ಬೇರೆ ಮಾಡಿ ನೋಡಿ. ಮೊದಲನೆಯ ಚಟ ಬಿಡುವುದಕ್ಕೆ ಓದೇ ಬೇಕಿಲ್ಲ. ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗಳಿಗೂ ಒಂದಕ್ಕಿಂತ ಹೆಚ್ಚು ಸರಿ ಉತ್ತರಗಳಿರಬಹುದಾದ ಪ್ರಶ್ನೆಗಳಿಗೂ ಋಣಾತ್ಮಕ ಅಂಕವಿಲ್ಲ. ಅವನ್ನು ಖಾಲಿ ಬಿಟ್ಟಿದ್ದರೆ ಅದೂ ನಷ್ಟವೇ.

ಆ 28ರ ಭಾಗದಲ್ಲಿ 10, ತಪ್ಪು ಉತ್ತರ ತಗ್ಗಿಸಿ 2, ಒಟ್ಟು 12 ಅಂಕ ಹೆಚ್ಚಾಯಿತು ಎನ್ನೋಣ. ಅರ್ಹತಾ ಅಂಕಕ್ಕೆ 350 ಸ್ಕೋರ್, ಅಗ್ರಸ್ಥಾನದ ಶೇ 0.1ರಷ್ಟು ಅಭ್ಯರ್ಥಿಗಳ ಸರಾಸರಿ ಅಂಕಕ್ಕೆ 900 ಸ್ಕೋರ್ ಎಂದು ನಿಗದಿಪಡಿಸಿ, ನಡುವಿನವರಿಗೆ ಅದೇ ಪ್ರಮಾಣದಲ್ಲಿ ಹಂಚುವುದು ಗೇಟ್‌ನ ಕ್ರಮ. ಅರ್ಹತಾ ಅಂಕ 27, ಮೇಲಿನ ಸರಾಸರಿ 80 ಎಂದು ಹಿಡಿದರೆ ಒಂದೊಂದು ಅಂಕಕ್ಕೂ ಹತ್ತಕ್ಕಿಂತ ತುಸು ಹೆಚ್ಚು ಸ್ಕೋರ್ ಏರುತ್ತದೆ. 46 ಅಂಕಕ್ಕೆ 540 ದಾಟುತ್ತದೆ. ಎನ್‌ಐಟಿಗಳ ಸಿಸಿಎಂಟಿ (ಎಂ.ಟೆಕ್ ಸೀಟು ಹಂಚಿಕೆಯ) ಕೌನ್ಸೆಲಿಂಗ್‌ನಲ್ಲಿ ನಿಮ್ಮ ಎದುರಿಗಿರುವ ಆಯ್ಕೆಗಳೇ ಬದಲಾಗುತ್ತವೆ.

ನಿಮ್ಮ ತಂದೆಯವರ ಮಾತಿನಲ್ಲಿ ಪ್ರೀತಿಯಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮಲೆನಾಡಿನ ಅಡಿಕೆ ಮನೆಯ ವರ್ಷ ಹೇಗೆ ಕಳೆಯುತ್ತದೆ ಎಂದು ನಿಮಗೇ ಗೊತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಅದರ ಬೆನ್ನಿಗೇ ನೆಟ್‌ವರ್ಕ್ ಕೂಡ. ಆನ್‌ಲೈನ್ ತರಗತಿಗೆ ಹಣ ಕಟ್ಟಿ ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ಸ್ಥಿತಿ. ಮಳೆ ನಿಂತು ಓದು ಹದಕ್ಕೆ ಬರುವ ಹೊತ್ತಿಗೆ ಕೊಯ್ಲು ಶುರು. ಅಂಗಳದ ತುಂಬ ಅಡಿಕೆ ಗೊನೆ, ಸುಲಿಯುವವರು ರಾತ್ರಿಯವರೆಗೂ ಕುಳಿತಿರುತ್ತಾರೆ, ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಆಳುಗಳಿಗೆ ಹೊತ್ತು ಹೊತ್ತಿಗೆ ಕಾಫಿ ಆಗಬೇಕು. ಮನೆಯ ಮಗಳು ಬಾಗಿಲು ಹಾಕಿಕೊಂಡು ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಓದುತ್ತೇನೆ ಎಂದರೆ ಎಷ್ಟು ದಿನ ನಡೆದೀತು? ಪರೀಕ್ಷೆ ಇರುವುದು ಫೆಬ್ರುವರಿಯಲ್ಲಿ. ನಿಮಗೆ ಅತಿ ಹೆಚ್ಚು ಸಮಯ ಬೇಕಾದ ತಿಂಗಳುಗಳೇ ಮನೆಗೆ ಅತಿ ಹೆಚ್ಚು ಕೈ ಬೇಕಾದ ತಿಂಗಳುಗಳು. ಖರ್ಚಿಗೆ ತೋಟ ಇದೆ ನಿಜ, ಆದರೆ ತೋಟಕ್ಕೂ ನೀವು ಬೇಕಾಗುತ್ತೀರಿ.

72ರ ಭಾಗದಲ್ಲಿ ನಿಮಗೆ ಹತ್ತು ಹನ್ನೆರಡೇ ಬಂದಿದ್ದು, ನೆಟ್‌ವರ್ಕ್ಸ್, ಅನಲಾಗ್ ಸರ್ಕ್ಯೂಟ್ಸ್ ಮೊದಲ ಅಧ್ಯಾಯದಿಂದಲೇ ಅರ್ಥವಾಗಿಲ್ಲವಾಗಿದ್ದರೆ ನಾನೇ ಒಂದು ವರ್ಷ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಆಗಲೂ ಮನೆಯಲ್ಲಲ್ಲ. ಶಿವಮೊಗ್ಗದಲ್ಲಿ ಒಂದು ಪಿ.ಜಿ. ಹಿಡಿದು ಗ್ರಂಥಾಲಯದ ಓದುವ ಕೊಠಡಿಗೆ ಹೋಗಿ ಎನ್ನುತ್ತಿದ್ದೆ.

ಅಣ್ಣನ ಮಾತಿಗೂ ಒಂದು ಷರತ್ತು ಸೇರಿಸಬೇಕು. ಪಾಳಿಯ ಕೆಲಸವೇ, ಪಿ.ಜಿ.ಯಿಂದ ಕಚೇರಿಗೆ ಎಷ್ಟು ದೂರ ಎಂದು ಸೇರುವ ಮುನ್ನವೇ ವಿಚಾರಿಸಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಕ್ಕೆ ಮೂರು ಗಂಟೆ ಹೋದರೆ ಮೇಲೆ ಹೇಳಿದ ಎರಡು ಗಂಟೆಯ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಸಂಬಳದಲ್ಲಿ ತುಸು ಹೆಚ್ಚು ಬಾಡಿಗೆಗೆ ಹೋದರೂ ಸರಿ, ಕಚೇರಿಗೆ ನಡೆದುಹೋಗುವಷ್ಟು ಹತ್ತಿರ ಕೊಠಡಿ ಹಿಡಿಯಿರಿ. ನವೆಂಬರ್‌ನಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೂರು ಗಂಟೆಯ ಪೂರ್ಣ ಪತ್ರಿಕೆ ಬರೆಯಿರಿ, ಪರದೆಯ ಮೇಲಿನ ಕ್ಯಾಲ್ಕ್ಯುಲೇಟರ್ ಬಳಸಿಯೇ ಬರೆಯಿರಿ. ಗಣಿತ ಬಂದರೂ ಆ ಕ್ಯಾಲ್ಕ್ಯುಲೇಟರ್ ಬಾರದೆ ಸಮಯ ಕಳೆದುಕೊಂಡವರು ಕಡಿಮೆಯಿಲ್ಲ.

ಮೂರನೇ ಬಾರಿ ಬರೆಯಬೇಕೇ ಎಂಬುದನ್ನು ಈಗ ಚರ್ಚಿಸುವುದು ಬೇಡ. ಎರಡೂ ವರ್ಷದ ರೆಸ್ಪಾನ್ಸ್ ಶೀಟ್ ಒಂದೇ ಥರ ಕಂಡರೆ ನಿಲ್ಲಿಸಿ. ಕೈಯಲ್ಲಿರುವ ಸ್ಕೋರಿಗೆ ಸಿಗುವ ಸೀಟಿನಲ್ಲಿ ಎಂ.ಟೆಕ್ ಸೇರಬಹುದು. ಗೇಟ್ ಅರ್ಹತೆಯ ಮೇಲೆ ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಮಾನ್ಯತೆಯ ಕಾಲೇಜು ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನವೂ ಇದೆ. ಇದನ್ನು ಅಪ್ಪನಿಗೂ ತಿಳಿಸಿ.

ಕೊನೆಯದಾಗಿ, ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ಬಾಂಡ್ ಇದೆಯೇ, ಎಷ್ಟು ಅವಧಿಗೆ, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂದು ಓದಿಕೊಳ್ಳಿ. ಮೂಲ ಅಂಕಪಟ್ಟಿ ಕೇಳಿದರೆ ನಕಲು ಪ್ರತಿ ಮಾತ್ರ ಕೊಡಿ. ಮುಂದಿನ ವರ್ಷ ಸೀಟು ಸಿಕ್ಕಾಗ ದಾಖಲೆ ಪರಿಶೀಲನೆಗೆ ಆ ಮೂಲ ಪ್ರತಿ ನಿಮ್ಮ ಬಳಿಯೇ ಇರಬೇಕು.