25 ಜನಕ್ಕೆ ಓವನ್ ಇಲ್ಲದೆ ಪದರ ಪದರದ ಸಿಹಿ ಏನು ಮಾಡಬಹುದು?

ಸುಮ್ನೆ ಮಾರಿ ಬಿಸ್ಕೆಟ್ ಪುಡ್ಡಿಂಗ್ ಮಾಡಿಬಿಡಿ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಮರುದಿನ ತಲೆಬಿಸಿ ಇರೋದಿಲ್ಲ.

2 ಲೀಟರ್ ಗಟ್ಟಿ ಹಾಲು, ಕಸ್ಟರ್ಡ್ ಪುಡಿ 12 ದೊಡ್ಡ ಚಮಚ, ಸಕ್ಕರೆ 250 ಗ್ರಾಂ, ಬಿಸ್ಕೆಟ್ ಅರ್ಧ ಕೆಜಿ ಸಾಕು. ಪುಡಿಯನ್ನು ಒಂದು ಲೋಟ ತಣ್ಣನೆ ಹಾಲಿನಲ್ಲಿ ಕಲಸಿಕೊಳ್ಳಿ, ಬಿಸಿ ಹಾಲಿಗೆ ನೇರ ಹಾಕಿದರೆ ಗಂಟು ಗ್ಯಾರಂಟಿ. ಉಳಿದ ಹಾಲು ಸಕ್ಕರೆ ಜೊತೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಕಲಸಿದ್ದನ್ನು ಸಣ್ಣಗೆ ಸುರಿಯುತ್ತಾ ಕೈಬಿಡದೆ ತಿರುಗಿಸಿ. ತಳ ಹಿಡಿಯೋದು ಬಹಳ ಬೇಗ. ಸೌಟಿನ ಹಿಂಭಾಗಕ್ಕೆ ಮೆತ್ತಿಕೊಂಡ ಕಸ್ಟರ್ಡ್ ಮೇಲೆ ಬೆರಳಲ್ಲಿ ಗೀಟು ಎಳೆದರೆ ಅದು ಕೂಡಿಕೊಳ್ಳದೆ ಹಾಗೇ ನಿಲ್ಲಬೇಕು, ಅಲ್ಲಿಗೆ ಇಳಿಸಿ.

ಬಿಸ್ಕೆಟನ್ನು ಡಿಕಾಕ್ಷನ್ ಬೆರೆಸಿದ ಹಾಲಿನಲ್ಲಿ ಅದ್ದಿದ ತಕ್ಷಣ ತೆಗೀಬೇಕು. ಜಾಸ್ತಿ ಹೊತ್ತು ಬಿಟ್ಟರೆ ಕೈಯಲ್ಲೇ ಮುರಿಯುತ್ತೆ. ಅಗಲದ ಟ್ರೇಯಲ್ಲಿ ಒಂದು ಸಾಲು ಬಿಸ್ಕೆಟ್, ಅದರ ಮೇಲೆ ಇನ್ನೂ ಬೆಚ್ಚಗಿರುವ ಕಸ್ಟರ್ಡ್, ಹೀಗೆ ಮೂರು ಸಲ. ಕೊನೆಯ ಪದರ ಕಸ್ಟರ್ಡೇ ಆಗಿರಲಿ. ಕೆನೆ ಕಟ್ಟಬಾರದು ಅಂದ್ರೆ ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ತಾಗುವ ಹಾಗೆ ಮುಚ್ಚಿ, ತಣ್ಣಗಾದ ಮೇಲೆ ಇಡೀ ರಾತ್ರಿ ಫ್ರಿಜ್‌ನಲ್ಲಿಡಿ.

ಹಣ್ಣು ಬೇಕಾದ್ರೆ ಬಾಳೆಹಣ್ಣನ್ನು ಒಳಗಿನ ಪದರಕ್ಕೆ ಹಾಕಿ, ಮೇಲಿಟ್ಟರೆ ಕಪ್ಪಾಗುತ್ತೆ. ಹಸಿ ಅನಾನಸ್ ಮಾತ್ರ ಬೇಡವೇ ಬೇಡ, ಅದರಲ್ಲಿರೋ ಕಿಣ್ವದಿಂದ ಹಾಲು ಕಹಿಯಾಗುತ್ತೆ. ಸಕ್ಕರೆ ಹಾಕಿ ಬೇಯಿಸಿಕೊಂಡರೆ ತೊಂದರೆ ಇಲ್ಲ. ಫ್ರಿಜ್‌ನಲ್ಲಿ ಟ್ರೇಗೆ ಜಾಗ ಇಲ್ವಾ? ಸಣ್ಣ ಲೋಟಗಳಲ್ಲೇ ಪದರ ಹಾಕಿಡಿ, ಬಡಿಸೋದೂ ಸುಲಭ.